ಪತ್ತೇದಾರ ಕೇಳದೆ ಬಿಟ್ಟ ಪ್ರಶ್ನೆ

ಪತ್ತೇದಾರಿ ಕಾದಂಬರಿಗೆ ಸಾಹಿತ್ಯದ ಪಂಕ್ತಿಯಲ್ಲಿ ಎಲೆ ಹಾಕಬೇಕೋ ಬೇಡವೋ ಎಂಬ ಚರ್ಚೆ ಹಳೆಯದು. ವಿಮರ್ಶಕರು ಹಾಕಲಿಲ್ಲ, ಓದುಗರು ಅವರ ಅಪ್ಪಣೆಗೆ ಕಾಯಲೂ ಇಲ್ಲ. ಎನ್. ನರಸಿಂಹಯ್ಯನವರ ನೂರಾರು ಪತ್ತೇದಾರಿ ಕಾದಂಬರಿಗಳು ಬಸ್ ನಿಲ್ದಾಣದ ಪುಸ್ತಕದಂಗಡಿಯಿಂದ ಮನೆಮನೆ ಹೊಕ್ಕವು. ಕನ್ನಡ ಬಾವುಟವನ್ನು ರೂಪಿಸಿಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದವರೇ. ಗಡಿಯ ಈಚೆ ನಮ್ಮ ಆದವಾನಿ, ಆಲೂರು ಕಡೆಯ ಕನ್ನಡ ಮನೆಗಳಿಗೆ ಈ ಪುಸ್ತಕಗಳು ಇನ್ನೊಂದು ಉಪಕಾರವನ್ನೂ ಮಾಡಿವೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ ಮೇಲೆ, ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಎಂದಾದ ಎಷ್ಟೋ ಮಕ್ಕಳು ಕನ್ನಡ ಅಕ್ಷರಗಳನ್ನು ಕೂಡಿಸಿ ಓದಲು ಕಲಿತದ್ದು ಇಂಥ ಪುಸ್ತಕಗಳಿಂದಲೇ. ಪಕ್ಕದ ಮನೆಯವರು ಕೊಮ್ಮೂರಿ ಸಾಂಬಶಿವರಾವ್, ಮಧುಬಾಬು ಓದುತ್ತಿದ್ದರು, ನಾವು ನರಸಿಂಹಯ್ಯನವರನ್ನು. ಕಾಸರಗೋಡಿನ ಓದುಗರಿಗೆ ಕೋಟ್ಟಯಂ ಪುಷ್ಪನಾಥರ ಹೆಸರು ಹೇಳಿದರೆ ಸಾಕು, ಇದು ಯಾವ ಬಗೆಯ ರುಚಿ ಎಂದು ಬೇರೆ ವಿವರಿಸಬೇಕಾಗಿಲ್ಲ.

ಈ ಬರಹ ಆ ಹಳೆಯ ಚರ್ಚೆಯನ್ನು ಕುರಿತದ್ದಲ್ಲ. ಪತ್ತೇದಾರಿ ಸಾಹಿತ್ಯದಲ್ಲಿ ಒಂದು ಕವಲಿದೆ: ಕುದುರೆ ಜೂಜಿನ ಲೋಕದಲ್ಲಿ ನಡೆಯುವ ಅಪರಾಧದ ಕತೆಗಳು. ಅದರ ತವರು ಇಂಗ್ಲೆಂಡ್. ಆ ಕತೆಗಳನ್ನು ಓದುತ್ತ ಹೋದರೆ ಒಂದು ನೈತಿಕ ಪ್ರಶ್ನೆ ಎದುರಾಗುತ್ತದೆ. ವಿಚಿತ್ರವೆಂದರೆ, ಎಲ್ಲವನ್ನೂ ಕೆದಕಿ ಕೇಳುವ ಪತ್ತೇದಾರ ಅದೊಂದನ್ನು ಮಾತ್ರ ಕೇಳುವುದಿಲ್ಲ. ಜೂಜಿನಲ್ಲಿ ತಪ್ಪು ಇರುವುದು ಎಲ್ಲಿ? ಮೋಸದ ದಾಳದಲ್ಲಿಯೋ, ಒಡ್ಡಿದ ಪಣದಲ್ಲಿಯೋ?

*

ಮೊದಲು ಕತೆಗಳನ್ನು ನೋಡೋಣ. ಆರ್ಥರ್ ಕಾನನ್ ಡಾಯ್ಲ್ 1892ರಲ್ಲಿ ಬರೆದ 'ಸಿಲ್ವರ್ ಬ್ಲೇಜ್' ಷರ್ಲಾಕ್ ಹೋಮ್ಸ್ ಕತೆಗಳಲ್ಲಿ ಬಹಳ ಹೆಸರಾದದ್ದು. ರಾತ್ರಿ ನಾಯಿ ಬೊಗಳಲಿಲ್ಲ ಎಂಬ ಒಂದೇ ಸಂಗತಿಯಿಂದ ಹೋಮ್ಸ್ ರಹಸ್ಯವನ್ನು ಬಿಡಿಸುತ್ತಾನೆ. ಓಟಕ್ಕೆ ಸಿದ್ಧವಾಗಿದ್ದ ಹೆಸರುವಾಸಿ ಕುದುರೆ ಕಾಣೆಯಾಗಿದೆ. ಅದರ ತರಬೇತುದಾರ ಸ್ಟ್ರೇಕರ್ ಬಯಲಿನಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದಾನೆ. ಅನುಮಾನ ಮೊದಲು ಹೋಗುವುದು ಒಬ್ಬ ಬುಕ್ಕಿಯ ಮೇಲೆ. ಕೊನೆಗೆ ತಿಳಿಯುವುದೇ ಬೇರೆ. ಕುದುರೆಯನ್ನು ಕಾಯಬೇಕಾದ ಸ್ಟ್ರೇಕರನೇ ಅದನ್ನು ಕದ್ದು ಹೊರಗೆ ತಂದಿದ್ದ. ಕಣ್ಣಿನ ಶಸ್ತ್ರಚಿಕಿತ್ಸೆಗೆ ಬಳಸುವ ಸಣ್ಣ ಚಾಕುವಿನಿಂದ ಕಾಲಿನ ನರವನ್ನು ತುಸುವೇ ಗೀರಿ, ಯಾರಿಗೂ ತಿಳಿಯದಂತೆ ಅದನ್ನು ಕುಂಟಾಗಿಸಿ, ತನ್ನದೇ ಕುದುರೆ ಸೋಲುತ್ತದೆಂದು ಬಾಜಿ ಕಟ್ಟುವುದು ಅವನ ಹಂಚಿಕೆ. ಕುದುರೆ ಬೆದರಿ ಒದೆಯಿತು. ಅವನನ್ನು ಕೊಂದದ್ದು ಆ ಕುದುರೆಯೇ.

ಅಪರಾಧಿ ಸಿಕ್ಕ, ಕುದುರೆ ಗೆದ್ದಿತು, ಯಜಮಾನನಿಗೆ ಸಂತೋಷವಾಯಿತು. ಹೋಮ್ಸ್ ಮಾತ್ರ, ಮುಂದಿನ ಓಟದ ಮೇಲೆ ತನ್ನದೂ ಒಂದಿಷ್ಟು ಹಣವಿದೆ, ವಿವರವನ್ನು ಆಮೇಲೆ ಹೇಳುತ್ತೇನೆ ಎಂದು ನಿಲ್ಲುತ್ತಾನೆ. ನಾವು ಓದುಗರು ನಕ್ಕು ಮುಂದಕ್ಕೆ ಹೋಗುತ್ತೇವೆ. ಸ್ಟ್ರೇಕರ್ ಕಟ್ಟಿದ ಬಾಜಿ ಪಾಪ. ಹೋಮ್ಸ್ ಕಟ್ಟಿದ ಬಾಜಿ ರಸಿಕತೆ. ನಡುವೆ ಇರುವ ವ್ಯತ್ಯಾಸ ಆ ಚಾಕು ಮಾತ್ರ.

ಇಪ್ಪತ್ತನೆಯ ಶತಮಾನದಲ್ಲಿ ಈ ಕವಲನ್ನು ಬೆಳೆಸಿದವರು ಡಿಕ್ ಫ್ರಾನ್ಸಿಸ್ (1920-2010). ಅವರು ಸ್ವತಃ ಜಾಕಿ. 1953-54ರ ಸಾಲಿನಲ್ಲಿ ಚಾಂಪಿಯನ್ ಆದವರು. 1956ರ ಗ್ರ್ಯಾಂಡ್ ನ್ಯಾಷನಲ್ ಓಟದಲ್ಲಿ ಅವರು ಏರಿದ್ದ ರಾಜಮಾತೆಯ ಕುದುರೆ ಡೆವನ್ ಲಾಕ್, ಎಲ್ಲರಿಗಿಂತ ಮುಂದಿದ್ದು, ಗುರಿ ಇನ್ನು ಸುಮಾರು ಐವತ್ತು ಗಜವಿರುವಾಗ ಇದ್ದಕ್ಕಿದ್ದಂತೆ ನೆಲಕ್ಕೆ ಕುಸಿಯಿತು. ಏಕೆ ಕುಸಿಯಿತೆಂಬುದು ಕೊನೆಯವರೆಗೂ ಬಗೆಹರಿಯಲಿಲ್ಲ. ಸವಾರಿ ಬಿಟ್ಟ ಮೇಲೆ ಅವರು ಲೇಖನಿ ಹಿಡಿದರು. 1962ರಲ್ಲಿ ಬಂದ ಮೊದಲ ಕಾದಂಬರಿ 'ಡೆಡ್ ಸರ್ಟ್'ನಲ್ಲಿ, ಕುದುರೆ ಹಾರಬೇಕಾದ ಬೇಲಿಗೆ ಅಡ್ಡಲಾಗಿ ತಂತಿ ಬಿಗಿದು ಸವಾರನನ್ನು ಬೀಳಿಸಿ ಕೊಲ್ಲುತ್ತಾರೆ. ಅಲ್ಲಿಂದ ಮುಂದೆ ನಲವತ್ತಕ್ಕೂ ಹೆಚ್ಚು ಪುಸ್ತಕಗಳು ಬಂದವು. ಅವುಗಳಲ್ಲಿ ಕುದುರೆಗೆ ಮದ್ದು ಹಾಕುವವರಿದ್ದಾರೆ, ಜಾಕಿಯನ್ನು ಬೆದರಿಸುವವರಿದ್ದಾರೆ, ಒಂದು ಕುದುರೆಯ ಹೆಸರಿನಲ್ಲಿ ಇನ್ನೊಂದನ್ನು ಓಡಿಸುವವರಿದ್ದಾರೆ. ನಾಯಕ ಸಾಮಾನ್ಯವಾಗಿ ನೇರ ನಡೆಯ, ಮೈಮುರಿದರೂ ಮಾತು ಮುರಿಯದ ಮನುಷ್ಯ. ಕೈ ಊನವಾಗಿ ಸವಾರಿ ಬಿಟ್ಟು ಪತ್ತೇದಾರನಾದ ಸಿಡ್ ಹ್ಯಾಲಿಯನ್ನು ಒಮ್ಮೆ ಓದಿದವರು ಮರೆಯಲಾರರು.

ನೀತಿಯ ದೃಷ್ಟಿಯಿಂದ ಈ ಕಾದಂಬರಿಗಳು ಶುದ್ಧವಾದವು. ಮನೆಯಲ್ಲಿ ಮಕ್ಕಳ ಕೈಗೆ ಧಾರಾಳವಾಗಿ ಕೊಡಬಹುದು. ಆದರೆ ಇವುಗಳೆಲ್ಲ ಒಂದು ಗೃಹೀತದ ಮೇಲೆ ನಿಂತಿವೆ. ಓಟ ನೇರವಾಗಿ ನಡೆದರೆ ಜೂಜು ನಿರ್ದೋಷಿ. ಓಟವನ್ನು ಕೆಡಿಸುವವನು ಅಪರಾಧಿ. ಕೊನೆಯ ಪುಟದಲ್ಲಿ ಅಪರಾಧಿಯನ್ನು ಹಿಡಿದ ಕೂಡಲೆ ಮೈದಾನ ಮತ್ತೆ ಪವಿತ್ರವಾಗುತ್ತದೆ, ಸೋಮವಾರದಿಂದ ಜನ ಮತ್ತೆ ಹಣ ಕಟ್ಟಬಹುದು. ಅಂದರೆ ಈ ಪತ್ತೇದಾರ ಒಂದು ಅರ್ಥದಲ್ಲಿ ಜೂಜಿನ ಕಾವಲುಗಾರ.

*

ಇದು ಇಂಗ್ಲಿಷರ ಕಾದಂಬರಿಗಳ ಗೃಹೀತ ಮಾತ್ರವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದೇ ನೋಟವಿದೆ. ಜೂಜು ಒಂದು ಗೊತ್ತಾದ ಸ್ಥಳದಲ್ಲಿ ನಡೆಯಬೇಕು, ಅದಕ್ಕೊಬ್ಬ ಅಧ್ಯಕ್ಷನಿರಬೇಕು, ದಾಳಗಳನ್ನು ಅವನೇ ಒದಗಿಸಬೇಕು, ಅವನು ಕೊಟ್ಟ ದಾಳವನ್ನು ಬದಲಿಸಿದವನಿಗೆ ದಂಡ, ಗೆದ್ದವನ ಗಳಿಕೆಯಲ್ಲಿ ನೂರಕ್ಕೆ ಐದರಷ್ಟು ಬೊಕ್ಕಸಕ್ಕೆ. ದಾಳ ನೇರವಾಗಿದೆಯೇ, ಸುಂಕ ಬಂದಿದೆಯೇ ಎಂಬುದೇ ಅರಸನ ಚಿಂತೆ. ಮನುಸ್ಮೃತಿಯ ಎಷ್ಟೋ ಮಾತುಗಳನ್ನು ಇಂದು ನಾವು ಒಪ್ಪಲಾರೆವು. ಆದರೆ ಜೂಜಿನ ವಿಷಯದಲ್ಲಿ ಅದು ಕೌಟಿಲ್ಯನ ಹಾದಿ ಹಿಡಿಯುವುದಿಲ್ಲ. ನಿರ್ಜೀವ ವಸ್ತುಗಳಿಂದ ಆಡುವುದು ದ್ಯೂತ, ಪ್ರಾಣಿಗಳನ್ನು ಮುಂದಿಟ್ಟು ಪಣ ಕಟ್ಟುವುದು ಸಮಾಹ್ವಯ ಎಂದು ಅದು ಎರಡನ್ನೂ ಹೆಸರಿಸಿ, ಎರಡನ್ನೂ ರಾಜ್ಯದಿಂದ ಹೊರಗಿಡು ಎನ್ನುತ್ತದೆ. ಹೀಗೆ ಎರಡು ದಾರಿಗಳು ಬಹಳ ಹಿಂದೆಯೇ ಕವಲೊಡೆದಿದ್ದವು: ಜೂಜನ್ನು ಶುದ್ಧಗೊಳಿಸುವ ದಾರಿ, ಜೂಜನ್ನೇ ತೆಗೆದುಹಾಕುವ ದಾರಿ.

ನಮ್ಮ ಕಾಲದ ಕಾನೂನೂ ಈ ಎರಡು ದಾರಿಗಳ ನಡುವೆ ಓಡಾಡಿದೆ. ತಮಿಳುನಾಡು ಸರ್ಕಾರ 1974ರಲ್ಲಿ ಕುದುರೆ ಪಂದ್ಯಗಳನ್ನು ರದ್ದುಮಾಡುವ ಕಾಯ್ದೆ ತಂದಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಜನವರಿಯಲ್ಲಿ ಡಾ. ಕೆ. ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ನ್ಯಾಯಾಲಯ ಕೊಟ್ಟ ತೀರ್ಪು ಹೆಸರಾಂತದ್ದು. ಕುದುರೆಯ ತಳಿ, ತರಬೇತಿ, ಸವಾರನ ಜಾಣ್ಮೆ ಇವುಗಳ ಮೇಲೆ ಗೆಲುವು ನಿಂತಿರುವುದರಿಂದ ಕುದುರೆ ಪಂದ್ಯ ಮುಖ್ಯವಾಗಿ ಕೌಶಲದ ಆಟ. ಆದ್ದರಿಂದ ಅದರ ಮೇಲೆ ಹಣ ಕಟ್ಟುವುದು ಕಾನೂನಿನ ಅರ್ಥದಲ್ಲಿ ಜೂಜಲ್ಲ ಎಂದು ಅದು ಹೇಳಿತು. ಅದಕ್ಕೂ ಮೊದಲು 1967ರಲ್ಲಿ, ಆಂಧ್ರಪ್ರದೇಶದಿಂದ ಹೋದ ಒಂದು ಪ್ರಕರಣದಲ್ಲಿ, ರಮ್ಮಿ ಇಸ್ಪೀಟಿನಾಟವೂ ಕೌಶಲದ ಆಟವೆಂದು ಅದೇ ನ್ಯಾಯಾಲಯ ಹೇಳಿತ್ತು.

ನ್ಯಾಯಾಲಯದ ಮುಂದಿದ್ದ ಪ್ರಶ್ನೆಗೆ ಈ ಉತ್ತರ ಸರಿಯಿರಬಹುದು. ನಮ್ಮ ಪ್ರಶ್ನೆಗೆ ಸಾಲದು. ಕೌಶಲ ಜೂಜನ್ನು ತೊಳೆಯುತ್ತದೆಯೇ ಎಂಬುದಕ್ಕೆ ಮಹಾಭಾರತದ ವನಪರ್ವದಲ್ಲಿ ಒಂದು ಕತೆಯಿದೆ. ಕುದುರೆಯೂ ದಾಳವೂ ಕೂಡಿ ಬರುವ ಕತೆ. ನಳ ತನ್ನ ತಮ್ಮ ಪುಷ್ಕರನೊಡನೆ ಪಗಡೆಯಾಡಿ ರಾಜ್ಯ ಸೋತ. ಇನ್ನು ಉಳಿದವಳು ದಮಯಂತಿ, ಅವಳನ್ನು ಒಡ್ಡು ಎಂದು ಪುಷ್ಕರ ಕೆಣಕಿದ. ನಳ ಒಡ್ಡಲಿಲ್ಲ; ಉಟ್ಟ ಬಟ್ಟೆಯಲ್ಲಿ ಹೊರಟುಹೋದ. ಮುಂದೆ ಬಾಹುಕನಾಗಿ ಋತುಪರ್ಣನ ಸಾರಥಿಯಾದಾಗ ತನಗೆ ತಿಳಿದಿದ್ದ ಅಶ್ವಹೃದಯವನ್ನು, ಎಂದರೆ ಕುದುರೆಯ ಒಳಗುಟ್ಟನ್ನು ಕೊಟ್ಟು, ಪ್ರತಿಯಾಗಿ ಅಕ್ಷಹೃದಯವನ್ನು, ಎಂದರೆ ದಾಳದ ಒಳಗುಟ್ಟನ್ನು ಪಡೆದ. ವಿದ್ಯೆ ಕೈಗೆ ಬಂದ ಮೇಲೆ ಪುಷ್ಕರನನ್ನು ಮತ್ತೆ ಆಟಕ್ಕೆ ಕರೆದ. ಈ ಸಲ ಏನನ್ನು ಒಡ್ಡಿದ? ತಾನು ಗಳಿಸಿದ್ದನ್ನು, ಜೊತೆಗೆ ದಮಯಂತಿಯನ್ನು!

ನಳ ಗೆದ್ದ, ಕತೆ ಸುಖಾಂತವಾಯಿತು, ನಾವು ಮಂಗಳ ಹಾಡಿ ಎದ್ದೆವು. ಆದರೆ ಒಂದು ಕ್ಷಣ ನಿಂತು ನೋಡಿದರೆ ಎದೆ ಝಲ್ಲೆನ್ನುತ್ತದೆ. ವಿದ್ಯೆಯಿಲ್ಲದೆ ಎಲ್ಲವನ್ನೂ ಸೋತಿದ್ದ ನಳ ಹೆಂಡತಿಯನ್ನು ಪಣಕ್ಕಿಡಲಿಲ್ಲ. ವಿದ್ಯೆ ಬಂದು ಗೆಲ್ಲುವ ಭರವಸೆ ಹುಟ್ಟಿದ ನಳ ಇಟ್ಟ. ಕೌಶಲ ಅವನ ಆಟವನ್ನು ಶುದ್ಧಮಾಡಲಿಲ್ಲ, ಪಣವನ್ನು ಹಿಗ್ಗಿಸಿತು ಅಷ್ಟೆ. ಇಂದಿಗೂ ಇದು ಹೀಗೆಯೇ ಅಲ್ಲವೆ? ಏನೂ ತಿಳಿಯದವನು ಜಾತ್ರೆಯಲ್ಲಿ ಹತ್ತು ರೂಪಾಯಿ ಇಡುತ್ತಾನೆ. ತನಗೆ ಲೆಕ್ಕ ಗೊತ್ತು, ಕುದುರೆಯ ವಂಶ ಗೊತ್ತು, ಪಿಚ್ಚಿನ ಸ್ವಭಾವ ಗೊತ್ತು ಎನ್ನುವವನೇ ಮನೆಪತ್ರ ತರುವುದು.

*

ನಮ್ಮ ಊರಿನಲ್ಲಿ ಕುದುರೆ ಓಟದ ಮೈದಾನವಿಲ್ಲ. ಇರುವುದು ಹತ್ತಿ ಮಾರುಕಟ್ಟೆ, ಜಿನ್ನಿಂಗ್ ಮಿಲ್ಲುಗಳು, ಎಣ್ಣೆ ಗಿರಣಿಗಳು. ಆದರೆ ಹತ್ತಿಗೂ ಜೂಜಿಗೂ ಇರುವ ನೆಂಟಸ್ತನ ಸಣ್ಣದಲ್ಲ. ಮಟ್ಕಾ ಅಥವಾ ಓಸಿ ಎಂದು ಊರೂರಿಗೆ ಹಬ್ಬಿದ ಅಂಕಿಯ ಜೂಜು ಹುಟ್ಟಿದ್ದೇ ಹತ್ತಿಯ ಧಾರಣೆಯಿಂದ. ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದಿಂದ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದ ಆರಂಭದ ದರ, ಮುಕ್ತಾಯದ ದರಗಳ ಮೇಲೆ ಜನ ಬಾಜಿ ಕಟ್ಟುತ್ತಿದ್ದರು. ಓಪನ್, ಕ್ಲೋಸ್ ಎಂಬ ಮಾತುಗಳು ಬಂದದ್ದು ಅಲ್ಲಿಂದ. 1960ರ ದಶಕದ ಮೊದಲಲ್ಲಿ ಆ ದರ ಬರುವುದು ನಿಂತಾಗ, ಮುಂಬಯಿಯಲ್ಲಿ ಕಲ್ಯಾಣಜಿ ಭಗತ್, ಆಮೇಲೆ ರತನ್ ಖತ್ರಿ ಚೀಟಿ, ಇಸ್ಪೀಟು ಎಲೆಗಳಿಂದ ಅಂಕಿ ತೆಗೆಯುವ ಪದ್ಧತಿ ಹೂಡಿದರು. ಹತ್ತಿ ಹೋಯಿತು, ಅಂಕಿ ಉಳಿಯಿತು.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಎಲ್ಲಿಯೋ ದೂರದ ಊರಿನಲ್ಲಿ ತೆಗೆದ ಅಂಕಿಯನ್ನು ನಂಬಿ, ಮುಖ ನೋಡದವರ ಕೈಯಲ್ಲಿ ಹಣ ಕೊಟ್ಟು, ರಸೀದಿಯೆಂದು ಒಂದು ಚೂರು ಕಾಗದ ಪಡೆಯುವ ಆಟ, ನಂಬಿಕೆಯಿಲ್ಲದೆ ದೇಶದ ಉದ್ದಗಲಕ್ಕೆ ಹಬ್ಬುವುದು ಸಾಧ್ಯವೇ? ಗೆದ್ದವನಿಗೆ ಹಣ ತಪ್ಪದೆ ಸಿಗದಿದ್ದರೆ ಮರುದಿನ ಯಾರು ಕಟ್ಟುತ್ತಾರೆ? ಅಂದ ಮೇಲೆ ಪ್ರಾಮಾಣಿಕತೆ ಜೂಜಿನ ವಿರೋಧಿಯಲ್ಲ, ಅದರ ಬಂಡವಾಳ. ಡಿಕ್ ಫ್ರಾನ್ಸಿಸರ ನಾಯಕರು ಪ್ರಾಣ ಒತ್ತೆಯಿಟ್ಟು ಕಾಯುವುದು ಈ ಬಂಡವಾಳವನ್ನೇ.

2013ರಲ್ಲಿ ಐ.ಪಿ.ಎಲ್. ಪಂದ್ಯಗಳಲ್ಲಿ ಸ್ಪಾಟ್ ಫಿಕ್ಸಿಂಗ್ ನಡೆದಿದೆಯೆಂದು ಸುದ್ದಿಯಾದಾಗ ದೇಶವೆಲ್ಲ ಕೆರಳಿತು. ಆಟಕ್ಕೆ ದ್ರೋಹವಾಯಿತೆಂಬ ನೋವು ನಿಜವಾದದ್ದೇ. ಆದರೆ ಫಿಕ್ಸಿಂಗ್ ಇಲ್ಲದ ಪಂದ್ಯಗಳ ಮೇಲೆ ಹಣ ಕಟ್ಟಿ ಮುಳುಗಿದ ಮನೆಗಳಿಗಾಗಿ ಯಾರೂ ಕೆರಳಲಿಲ್ಲ. 2024ರ ಜನವರಿಯಲ್ಲಿ ಬೆಂಗಳೂರಿನ ಟರ್ಫ್ ಕ್ಲಬ್ಬಿನ ಬುಕ್ಕಿಗಳ ಮೇಲೆ ಪೊಲೀಸರು ದಾಳಿ ಮಾಡಿದಾಗಲೂ ಆರೋಪವಿದ್ದದ್ದು ತೆರಿಗೆ ತಪ್ಪಿಸಿದ ಬಗ್ಗೆ. ಸೋತವನ ಮನೆ ಯಾರ ಎಫ್.ಐ.ಆರ್.ನಲ್ಲಿಯೂ ಬರುವುದಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಆ ಮನೆ ಕಾಣಿಸುವುದು ಚಿನ್ನದ ಸಾಲದ ಕೌಂಟರಿನಲ್ಲಿ. ಎರಡೆಳೆ ಸರವೊಂದು ಅಡವಿಗೆ ಬಂದು, ಬಿಡಿಸಿಕೊಳ್ಳಲಾಗದೆ, ನೋಟೀಸಿನ ಅವಧಿಯೂ ಮುಗಿಯುತ್ತ ಬಂದಿತ್ತು. ಕಾಗದ ಹಿಡಿದು ಬಂದವಳು ಕೌತಾಳಂ ಕಡೆಯ ಹಳ್ಳಿಯ ಹೆಣ್ಣುಮಗಳು. ನಾನು ಕನ್ನಡದಲ್ಲಿ ಮಾತಾಡಿದ್ದು ಕೇಳಿ ಸ್ವಲ್ಪ ಧೈರ್ಯ ಬಂದಂತಾಯಿತು. ಗಂಡ ಫೋನಿನಲ್ಲಿ ಕ್ರಿಕೆಟ್ ಬಾಜಿ ಕಟ್ಟಿ ಸೋತಿದ್ದ. "ಆಟ ಸರಿಯಾಗೇ ನಡೀತಂತಣ್ಣ, ಮೋಸ ಏನೂ ಆಗಿಲ್ಲಂತ," ಎಂದು ಗಂಡನ ಮಾತನ್ನೇ ಒಪ್ಪಿಸಿದಳು. ಆಮೇಲೆ ಕೇಳಿದಳು: "ಮೋಸ ಆಗಿಲ್ಲಂದ್ರ ಮತ್ತ ನನ್ ಸರ ಎಲ್ಲಿಗೆ ಹೋತು?"

ನೂರು ಪತ್ತೇದಾರಿ ಕಾದಂಬರಿ ಓದಿದವನಿಗೂ ಇದಕ್ಕಿಂತ ಗಟ್ಟಿಯಾದ ರಹಸ್ಯ ಸಿಕ್ಕಲಾರದು. ವಸ್ತು ಕಾಣೆಯಾಗಿದೆ, ಕಳ್ಳನಿಲ್ಲ. ಎಲ್ಲರೂ ನಿಯಮದಂತೆಯೇ ನಡೆದಿದ್ದಾರೆ. ಬೌಲರು ನೇರವಾಗಿ ಎಸೆದಿದ್ದಾನೆ, ಗೆದ್ದವನಿಗೆ ಹಣ ಸಂದಿದೆ, ಬ್ಯಾಂಕು ತೂಕ ಹಾಕಿ ರಸೀದಿ ಕೊಟ್ಟಿದೆ. ನಾಯಿ ಬೊಗಳಲಿಲ್ಲ, ಏಕೆಂದರೆ ಒಳಗೆ ಬಂದವನು ಮನೆಯವನೇ.

*

ಸರ ಎಲ್ಲಿಗೆ ಹೋಯಿತೆಂಬುದಕ್ಕೆ ಒಂದು ಅಂಕಗಣಿತದ ಉತ್ತರವಿದೆ. ಕುದುರೆ ಮೈದಾನದ ಟೋಟ್ ಪದ್ಧತಿಯಲ್ಲಿ ಎಲ್ಲರೂ ಕಟ್ಟಿದ ಹಣವನ್ನು ಒಟ್ಟು ಮಾಡಿ, ಕ್ಲಬ್ಬಿನ ಪಾಲನ್ನೂ ಸರ್ಕಾರದ ಪಾಲನ್ನೂ ಮೊದಲು ತೆಗೆದು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಲೆಕ್ಕಕ್ಕೆಂದು ನೂರಕ್ಕೆ ಇಪ್ಪತ್ತು ಕಳೆಯುತ್ತಾರೆಂದು ಇಟ್ಟುಕೊಳ್ಳಿ. ಗೆದ್ದ ಹಣವನ್ನೆಲ್ಲ ಜನ ಮತ್ತೆ ಕಟ್ಟುತ್ತ ಹೋದರೆ ಮೊದಲ ಓಟದ ನೂರು ರೂಪಾಯಿ 80 ಆಗುತ್ತದೆ, ಎರಡನೆಯದರಲ್ಲಿ 64, ಮೂರರಲ್ಲಿ 51, ನಾಲ್ಕರಲ್ಲಿ 41, ಐದನೆಯ ಓಟ ಮುಗಿಯುವಾಗ 33. ಯಾವ ಕುದುರೆಗೂ ಮದ್ದು ಹಾಕಿಲ್ಲ, ಯಾವ ಜಾಕಿಯೂ ಲಗಾಮು ಎಳೆದು ಹಿಡಿದಿಲ್ಲ. ಆದರೂ ಮಧ್ಯಾಹ್ನ ಬಂದ ನೂರರಲ್ಲಿ ಮೂರರಲ್ಲೆರಡು ಪಾಲು ಸಂಜೆಗೆ ಜನರ ಕೈಯಲ್ಲಿಲ್ಲ. ಒಬ್ಬಿಬ್ಬರು ಗೆಲ್ಲುತ್ತಾರೆ, ಜನ ಎಂದೂ ಗೆಲ್ಲುವುದಿಲ್ಲ. ಇದು ಯಾರ ಮೋಸವೂ ಅಲ್ಲ, ಆಟದ ಕಟ್ಟೋಣವೇ ಹಾಗೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನಮ್ಮ ಕಡೆ ರೈತರೇ ಇದನ್ನು ಕೇಳುತ್ತಾರೆ. ಮಳೆ ನಂಬಿ ಹತ್ತಿ ಬಿತ್ತುವುದೂ ಜೂಜಲ್ಲವೆ? ಬೀಜಕ್ಕೆ, ಗೊಬ್ಬರಕ್ಕೆ ಇದೇ ಕೌಂಟರಿನಲ್ಲಿ ಇದೇ ಸರವನ್ನು ಇಡುತ್ತೇವೆ. ಮಳೆ ಕೈಕೊಟ್ಟರೆ, ಧಾರಣೆ ಬಿದ್ದರೆ ಸರ ಹೋಗುತ್ತದೆ. ಒಂದನ್ನು ಕೃಷಿ ಎನ್ನುವಿರಿ, ಇನ್ನೊಂದನ್ನು ಪಾಪ ಎನ್ನುವಿರಿ, ಇದ್ಯಾವ ನ್ಯಾಯ?

ಆಕ್ಷೇಪ ಹಗುರವಾದದ್ದಲ್ಲ. ಎರಡು ಚೀಟಿಗಳನ್ನು ಪಕ್ಕದಲ್ಲಿಟ್ಟರೆ ಉದ್ದೇಶ ಬರೆಯುವ ಕಾಲಮ್ಮನ್ನು ಬಿಟ್ಟು ಬೇರೆ ವ್ಯತ್ಯಾಸ ಕಾಣುವುದೂ ಇಲ್ಲ. ಆದರೂ ವ್ಯತ್ಯಾಸವಿದೆ. ರೈತನ ಅಪಾಯವನ್ನು ಯಾರೂ ಹುಟ್ಟಿಸಿದ್ದಲ್ಲ. ಅದು ಆಕಾಶದಲ್ಲಿದೆ, ಪೇಟೆಯಲ್ಲಿದೆ, ಬಿತ್ತದಿದ್ದರೂ ಇರುತ್ತದೆ. ಜೂಜಿನ ಅಪಾಯ ಆಡುವುದಕ್ಕೆಂದೇ ತಯಾರಿಸಿದ್ದು. ಎರಡನೆಯದಾಗಿ, ಒಬ್ಬನ ಹೊಲದಲ್ಲಿ ಬೆಳೆ ಬರಲು ಇನ್ನೊಬ್ಬನ ಹೊಲ ಒಣಗಬೇಕಾಗಿಲ್ಲ. ಒಳ್ಳೆಯ ಮಳೆಯಾದರೆ ಊರಿಗೆ ಊರೇ ಗೆಲ್ಲಬಹುದು, ಹೊಸ ಹತ್ತಿ ಲೋಕಕ್ಕೆ ಬರುತ್ತದೆ. ಜೂಜಿನಲ್ಲಿ ಹೊಸದೇನೂ ಹುಟ್ಟುವುದಿಲ್ಲ. ಗೆದ್ದವನ ಪ್ರತಿ ರೂಪಾಯಿಯೂ ಸೋತವನ ಜೇಬಿನದೇ. ಮೂರನೆಯದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಬಿತ್ತನೆಗೆ ಸರ ಇಡುವಾಗ ಅದನ್ನು ಬಿಚ್ಚಿ ಕೊಡುವವಳಿಗೆ ಎಲ್ಲ ಗೊತ್ತಿರುತ್ತದೆ. ಆ ಹೊಲದಲ್ಲಿ ಕಳೆ ಕೀಳುವವಳೂ ಹತ್ತಿ ಬಿಡಿಸುವವಳೂ ಅವಳೇ. ಬಾಜಿಗೆ ಹೋಗುವ ಸರ ಅವಳನ್ನು ಕೇಳಿ ಹೋಗುವುದಿಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಕೋರನ ಅಳಲನ್ನು ಹೇಳುವ ಸೂಕ್ತವೊಂದಿದೆ. ಮನೆ, ಹೆಂಡತಿ, ಬಂಧುಗಳು ಎಲ್ಲ ದೂರವಾದ ಆ ಮನುಷ್ಯನಿಗೆ ಕೊನೆಯಲ್ಲಿ ಸಿಗುವ ಬುದ್ಧಿಮಾತೂ ದಾಳ ಬಿಟ್ಟು ಹೊಲ ಉಳು ಎಂಬುದೇ. ಆ ಋಷಿಗೂ ಬೇಸಾಯದ ಅಪಾಯ ಗೊತ್ತಿಲ್ಲದೆ ಇರಲಿಲ್ಲ.

ಇನ್ನೊಂದು ಆಕ್ಷೇಪ ಸ್ವಾತಂತ್ರ್ಯದ್ದು. ದುಡಿದವನು ತನ್ನ ಹಣವನ್ನು ತನಗೆ ಬೇಕಾದಂತೆ ಕಳೆಯಬಾರದೇ? ಕಳೆಯಬಹುದು. ಯಾರ ಹಂಗೂ ಇಲ್ಲದವನು, ಯಾರ ಊಟವನ್ನೂ ಕಿತ್ತುಕೊಳ್ಳದೆ, ಮಿಕ್ಕ ಹಣದಲ್ಲಿ ಹತ್ತು ರೂಪಾಯಿ ಕಟ್ಟಿದರೆ ಅದನ್ನು ಮಹಾಪಾಪವೆನ್ನಲು ನಾನು ಸಿದ್ಧನಿಲ್ಲ. ತಪ್ಪು ಪಣದಲ್ಲಿದೆ ಎಂದ ಮೇಲೆ ಪಣ ಸಣ್ಣದಾದಂತೆ ತಪ್ಪೂ ಸಣ್ಣದಾಗುತ್ತದೆ. ಆದರೆ 'ತನ್ನ ಹಣ' ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ನಿಜ? ಖಾತೆ ಒಬ್ಬರ ಹೆಸರಿನಲ್ಲಿರುತ್ತದೆ. ಹಣದ ಮೇಲೆ ಮನೆಮಂದಿಯೆಲ್ಲರ ಹೆಸರಿರುತ್ತದೆ. ಮಗಳ ಫೀಜು, ಮುದುಕಿಯ ಔಷಧಿ, ಮುಂದಿನ ಮುಂಗಾರಿನ ಬೀಜ ಎಲ್ಲ ಅದರೊಳಗೇ ಕೂತಿವೆ.

*

ಹಾಗಾದರೆ ಸರಿಯಾದ ಪ್ರಶ್ನೆಯನ್ನು ಕೇಳಿದವರು ಯಾರು? ದ್ರೌಪದಿ. ಶಕುನಿಯ ದಾಳದ ಬಗ್ಗೆ ನಮ್ಮ ಜನಕ್ಕೆ ಎಲ್ಲಿಲ್ಲದ ಕುತೂಹಲ. ಅದು ಅವನ ತಂದೆಯ ಎಲುಬಿನಿಂದ ಮಾಡಿದ್ದೆಂಬ ಕತೆಯನ್ನು ತುಳುನಾಡಿನ ಯಕ್ಷಗಾನದವರೂ ಬಳ್ಳಾರಿ ಸೀಮೆಯ ಬಯಲಾಟದವರೂ ಬಲ್ಲರು. ಶಕುನಿ ರಂಗಕ್ಕೆ ಬಂದೊಡನೆ ಕಳ್ಳ ಸಿಕ್ಕನೆಂದು ನಾವು ನಿಟ್ಟುಸಿರು ಬಿಡುತ್ತೇವೆ. ಆದರೆ ಸಭೆಗೆ ಎಳೆದು ತಂದ ಹೆಣ್ಣು ಕೇಳಿದ್ದು ದಾಳದ ಮಾತಲ್ಲ. ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ ಎಂದು ಕೇಳಿದಳು. ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಒಡ್ಡುವ ಹಕ್ಕೆಲ್ಲಿಂದ ಬಂತು? ಭೀಷ್ಮನಂಥ ಭೀಷ್ಮನೇ ಧರ್ಮ ಸೂಕ್ಷ್ಮವಾದದ್ದೆಂದು ತಡವರಿಸಿದ. ಕೌರವರಲ್ಲೊಬ್ಬನಾದ ವಿಕರ್ಣ ಮಾತ್ರ ಎದ್ದು ನಿಂತು ಈಕೆ ಗೆಲ್ಲಲ್ಪಟ್ಟವಳಲ್ಲ ಎಂದ.

ದಾಳ ನೇರವಾಗಿದ್ದಿದ್ದರೆ ದ್ರೌಪದಿಯ ಪ್ರಶ್ನೆ ಬಿದ್ದುಹೋಗುತ್ತಿತ್ತೇ? ಇಲ್ಲ. ಧರ್ಮರಾಯ ಗೆದ್ದಿದ್ದರೆ? ಆಗಲೂ ಇಲ್ಲ, ಕೇಳುವ ಸಂದರ್ಭ ಬರುತ್ತಿರಲಿಲ್ಲ ಅಷ್ಟೆ. ಈ ಎರಡನೆಯ ಮಾತನ್ನು ಪರೀಕ್ಷಿಸಲು ಮತ್ತೆ ಕುದುರೆಯ ಕತೆಗೇ ಹೋಗಬೇಕು. ಕಾನನ್ ಡಾಯ್ಲ್ 1927ರಲ್ಲಿ ಬರೆದ 'ಷಾಸ್ಕಂಬ್ ಓಲ್ಡ್ ಪ್ಲೇಸ್' ಕತೆಯಲ್ಲಿ ಸರ್ ರಾಬರ್ಟ್ ಎಂಬುವನು ಸಾಲದಲ್ಲಿ ಮುಳುಗಿ, ಇದ್ದದ್ದನ್ನೆಲ್ಲ ಡರ್ಬಿ ಓಟದ ತನ್ನ ಕುದುರೆಯ ಮೇಲೆ ಕಟ್ಟಿದ್ದಾನೆ. ಓಟಕ್ಕೆ ಮೊದಲೇ ಅವನ ತಂಗಿ ರೋಗದಿಂದ ಸಾಯುತ್ತಾಳೆ. ಆಸ್ತಿ ಅವಳದ್ದು, ಸಾವು ತಿಳಿದರೆ ಸಾಲಗಾರರು ಕುದುರೆಯನ್ನೂ ಎಳೆದೊಯ್ಯುತ್ತಾರೆ. ಅವನು ಹೆಣವನ್ನು ಹಳೆಯ ಸಮಾಧಿಯಲ್ಲಿ ಬಚ್ಚಿಟ್ಟು, ಬೇರೊಬ್ಬನಿಗೆ ಅವಳ ವೇಷ ಹಾಕಿಸಿ ದಿನ ದೂಡುತ್ತಾನೆ. ಕುದುರೆ ಗೆಲ್ಲುತ್ತದೆ, ಎಂಬತ್ತು ಸಾವಿರ ಪೌಂಡು ಬರುತ್ತದೆ, ಸಾಲ ತೀರುತ್ತದೆ, ಪೊಲೀಸರೂ ಮೃದುವಾಗುತ್ತಾರೆ.

ಕುದುರೆ ಸೋತಿದ್ದರೆ? ಅದೇ ಹೆಣ, ಅದೇ ಸಮಾಧಿ, ಅದೇ ವೇಷ. ಆದರೆ ಸರ್ ರಾಬರ್ಟ್ ನೀಚನೆನಿಸುತ್ತಿದ್ದ. 1976ರಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ ಇಂಥ ಸಂದರ್ಭಗಳಿಗೆ 'ನೈತಿಕ ಅದೃಷ್ಟ' ಎಂಬ ಹೆಸರು ಕೊಟ್ಟು ದೊಡ್ಡ ಚರ್ಚೆಯನ್ನೇ ಎಬ್ಬಿಸಿದರು. ಮನುಷ್ಯನ ಒಳ್ಳೆಯತನವನ್ನು ಅವನ ಹಿಡಿತದಲ್ಲಿಲ್ಲದ ಫಲದಿಂದ ಅಳೆಯುವುದು ಎಷ್ಟು ಸರಿ ಎಂಬುದು ಆ ಚರ್ಚೆಯ ತಿರುಳು. ಲೋಕ ಫಲದಿಂದಲೇ ಅಳೆಯುತ್ತದೆ, ನಿಜ. ಗೆದ್ದು ಬಂದ ಗಂಡನನ್ನು ಯಾವ ಮನೆಯೂ ಹೊರಗೆ ನಿಲ್ಲಿಸಿ, ನನ್ನ ಸರವನ್ನು ಏಕೆ ಇಟ್ಟೆ ಎಂದು ಕೇಳುವುದಿಲ್ಲ. ಆದರೆ ಸರವನ್ನು ಇಟ್ಟ ಗಳಿಗೆಯಲ್ಲೇ ತಪ್ಪು ನಡೆದುಹೋಗಿದೆ. ಕುದುರೆ ಓಡುವುದು ಆಮೇಲೆ. ನಳನ ಸುಖಾಂತವನ್ನೂ ಸರ್ ರಾಬರ್ಟನ ಸುಖಾಂತವನ್ನೂ ನಾವು ಈ ಕಣ್ಣಿನಿಂದ ಓದಬೇಕು.

*

ಗಡಿಯಲ್ಲಿ ಬಾಳುವವರಿಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಕೇರಳ ಸರ್ಕಾರ 1967ರಲ್ಲಿ ಲಾಟರಿ ಇಲಾಖೆ ತೆರೆಯಿತು. 1968ರ ಜನವರಿ 26ರಂದು ಮೊದಲ ಡ್ರಾ ನಡೆದಾಗ ಟಿಕೆಟ್ಟಿಗೆ ಒಂದು ರೂಪಾಯಿ, ಮೊದಲ ಬಹುಮಾನ ಐವತ್ತು ಸಾವಿರ. ಆ ಹಣದಿಂದ ಬಡವರ ಚಿಕಿತ್ಸೆಗೆ ನೆರವಾದದ್ದೂ ಉಂಟು. ಟಿಕೆಟ್ ಮಾರಿ ಬದುಕುವ ಅಂಗವಿಕಲರು, ಮುದುಕರು ಅನೇಕರಿದ್ದಾರೆ. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ತಲಪಾಡಿಯ ಆಚೆ ನಿಷಿದ್ಧವಾದದ್ದು ಈಚೆ ರಾಜ್ಯದ ವರಮಾನ. ನಮ್ಮ ಕಡೆಯೂ ಹಾಗೆಯೇ ಆಯಿತು. ಆಂಧ್ರಪ್ರದೇಶ 2020ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕರ್ನಾಟಕ 2021ರಲ್ಲಿ ಮಾಡಿದ ಅಂಥದೇ ತಿದ್ದುಪಡಿಯನ್ನು ಅಲ್ಲಿನ ಹೈಕೋರ್ಟು 2022ರ ಫೆಬ್ರವರಿಯಲ್ಲಿ ಅಸಿಂಧುಗೊಳಿಸಿತು. ಆಗ ಒಂದೇ ಫೋನಿನ ಒಂದೇ ರಮ್ಮಿ ಆದವಾನಿಯಲ್ಲಿ ಅಪರಾಧವಾಗಿತ್ತು, ಬಸ್ಸು ಸಿರುಗುಪ್ಪ ಮುಟ್ಟಿದೊಡನೆ ಕೌಶಲವಾಗುತ್ತಿತ್ತು! ಕಾನೂನು ರಸ್ತೆಯ ಕಲ್ಲು ನೋಡಿ ಬದಲಾಗಬಹುದು. ಸರ ಕಳೆದುಕೊಂಡವಳ ಪ್ರಶ್ನೆ ಎರಡು ಕಡೆಯೂ ಒಂದೇ.

2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕುರಿತ ಕಾಯ್ದೆಯನ್ನು ಅಂಗೀಕರಿಸಿತು. ಆಟ ಕೌಶಲದ್ದೋ ಅದೃಷ್ಟದ್ದೋ ಎಂದು ನೋಡದೆ, ಹಣ ಪಣಕ್ಕಿದೆಯೇ ಎಂಬುದನ್ನಷ್ಟೇ ನೋಡುವುದು ಅದರ ವಿಶೇಷ. ಅದರ ಒಳಿತು ಕೆಡುಕುಗಳನ್ನು, ನ್ಯಾಯಾಲಯದಲ್ಲಿ ಅದು ನಿಲ್ಲುತ್ತದೆಯೇ ಎಂಬುದನ್ನು ಬಲ್ಲವರು ಚರ್ಚಿಸಲಿ. ನಿಷೇಧದಿಂದ ಜೂಜು ಸಾಯುವುದಿಲ್ಲ ಎಂಬುದಕ್ಕೆ ಮಟ್ಕಾದ ಚರಿತ್ರೆಯೇ ಸಾಕ್ಷಿ. ನನಗೆ ಮುಖ್ಯವೆನಿಸುವುದು ಪ್ರಶ್ನೆ ಬದಲಾದದ್ದು. ದಾಳ ಹೇಗಿದೆ ಎಂಬುದನ್ನು ಬಿಟ್ಟು, ಪಣಕ್ಕೆ ಏನಿದೆ ಎಂದು ಕಾನೂನು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಕೇಳಿದೆ. ಯಾರದು ಎಂದು ಕೇಳುವುದು ಇನ್ನೂ ಬಾಕಿಯಿದೆ, ಅದನ್ನು ಕಾನೂನು ಕೇಳಲಾರದು. ಮನೆಯವರು ಕೇಳಬೇಕು.

ಪತ್ತೇದಾರಿ ಕಾದಂಬರಿ ಓದುವುದನ್ನು ಬಿಡಬೇಕೆಂದು ಇಷ್ಟೆಲ್ಲ ಹೇಳಿದ್ದಲ್ಲ. ಮಕ್ಕಳು ಕನ್ನಡದಲ್ಲಿ ಏನನ್ನಾದರೂ ಕೊನೆಯ ಪುಟದವರೆಗೆ ಓದಿದರೆ ಸಾಕೆಂದು ಹಂಬಲಿಸುವ ಮನೆಗಳು ನಮ್ಮವು. ಅವರ ಕೈಯಿಂದ ಪುಸ್ತಕ ಕಸಿಯುವ ಮಾತೇ ಇಲ್ಲ. ಓದಿ ಮುಗಿಸಿದ ಹುಡುಗ ಕಳ್ಳ ಯಾರೆಂದು ಗೊತ್ತಾಯಿತೆಂದು ಹಿಗ್ಗಿ ಬಂದಾಗ, ದೊಡ್ಡವರು ಇನ್ನೊಂದು ಮಾತು ಕೇಳಬಹುದು: ಪಣಕ್ಕಿಟ್ಟದ್ದು ಏನಪ್ಪಾ, ಅದು ಯಾರದಾಗಿತ್ತು, ಅವರನ್ನು ಕೇಳಿದ್ದರೇ? ಉತ್ತರ ಆ ಪುಸ್ತಕದಲ್ಲಿ ಇರಲಾರದು. ಹುಡುಗ ಹುಡುಕಲಿ.